ಸೋಡಾ, ಪಾಪ್, ಕೋಕ್: ಅಮೆರಿಕದಲ್ಲಿ ಒಂದೇ ಪಾನೀಯಕ್ಕೆ ಇಷ್ಟೊಂದು ಹೆಸರು ಯಾಕೆ?

ಪ್ರಶ್ನೆ: ನನ್ನ ಮಗ ಅಮೆರಿಕದ ಫಿಲಡೆಲ್ಫಿಯದಲ್ಲಿದ್ದಾನೆ, ಮಗಳು ಡೆಟ್ರಾಯಿಟ್‌ನಲ್ಲಿದ್ದಾಳೆ. ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ ಮಗನ ಮಕ್ಕಳು ‘ಸೋಡಾ’ ಅನ್ನುತ್ತಾರೆ, ಮಗಳ ಮಕ್ಕಳು ‘ಪಾಪ್’ ಅನ್ನುತ್ತಾರೆ. ಅಳಿಯನ ತಮ್ಮ ಅಟ್ಲಾಂಟದಲ್ಲಿದ್ದಾನೆ. ಅವನ ಮನೆಯಲ್ಲಿ ಬಾಟಲಿಯಲ್ಲಿ ಏನೇ ಇದ್ದರೂ ಅದು ‘ಕೋಕ್’ ಅಂತೆ. ಇದರಲ್ಲಿ ಯಾವುದು ಸರಿಯಾದ ಇಂಗ್ಲಿಷ್? ಒಂದೇ ದೇಶ, ಎಲ್ಲರೂ ನೋಡುವುದು ಅದೇ ಟಿವಿ, ಅದೇ ಜಾಹೀರಾತು. ಆದರೂ ಇನ್ನೂ ಯಾಕೆ ಒಂದು ಪದ ಆಗಿಲ್ಲ? ಮುಂದಿನ ತಿಂಗಳು ನಾನೂ ಅಲ್ಲಿಗೆ ಹೋಗುತ್ತಿದ್ದೇನೆ. ಅಂಗಡಿಯಲ್ಲಿ ಏನಂತ ಕೇಳಲಿ?

ಉತ್ತರ: ನಿಮ್ಮ ಮನೆಯವರು ಯಾರೂ ತಪ್ಪು ಹೇಳುತ್ತಿಲ್ಲ. ಮೂರು ಕಡೆಯವರೂ ತಾವಿರುವ ಊರಿನ ಮಾತನ್ನು ಸರಿಯಾಗಿಯೇ ಕಲಿತಿದ್ದಾರೆ. ಅಮೆರಿಕದ ಇಂಗ್ಲಿಷಿನಲ್ಲಿ ಸೀಮೆಯಿಂದ ಸೀಮೆಗೆ ಬದಲಾಗುವ ಪದಗಳು ಬೇಕಾದಷ್ಟಿವೆ. ಆದರೆ ನಕ್ಷೆಯ ಮೇಲೆ ಇಷ್ಟು ಸ್ಪಷ್ಟವಾಗಿ ಗೆರೆ ಎಳೆಯಬಹುದಾದ ಪದಗಳು ಕಡಿಮೆ. ಆಡುಮಾತಿನ ಮೇಲೆ ಕೆಲಸ ಮಾಡುವ ನನಗೆ ಇದು ಬಹಳ ಇಷ್ಟದ ವಿಷಯ. ಉತ್ತರ ಸ್ವಲ್ಪ ಉದ್ದವೇ ಆಗುತ್ತದೆ.

ಮೊದಲು ಯಾರು ಎಲ್ಲಿ ಏನನ್ನುತ್ತಾರೆ ನೋಡೋಣ. ಬರ್ಟ್ ವಾಕ್ಸ್ ಎಂಬ ಭಾಷಾ ವಿಜ್ಞಾನಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ, 2000ದ ದಶಕದ ಆರಂಭದಲ್ಲಿ, ಅಮೆರಿಕದ ಆಡುಮಾತಿನ ದೊಡ್ಡ ಸಮೀಕ್ಷೆಯೊಂದನ್ನು ಮಾಡಿದರು. ಅದರಲ್ಲಿ ಈ ಪಾನೀಯದ ಪ್ರಶ್ನೆಯೂ ಇತ್ತು. ಹತ್ತು ಸಾವಿರಕ್ಕೂ ಜಾಸ್ತಿ ಜನ ಉತ್ತರಿಸಿದರು. ಸುಮಾರು 53% ಜನ ‘ಸೋಡಾ’ ಅಂದರು, 25% ಜನ ‘ಪಾಪ್’ ಅಂದರು, 12% ಜನ ‘ಕೋಕ್’ ಅಂದರು. ‘ಸಾಫ್ಟ್ ಡ್ರಿಂಕ್’ ಅಂದವರು ಸುಮಾರು 6% ಮಾತ್ರ. ಉಳಿದ ಸಣ್ಣ ಪಾಲಿನಲ್ಲಿ ‘ಟಾನಿಕ್’, ‘ಕೊಕೋಲ’, ‘ಡೋಪ್’ ಅಂತ ಹಳೆಯ ಪದಗಳೂ ಇದ್ದವು.

ಈ ಉತ್ತರಗಳನ್ನು ನಕ್ಷೆಯ ಮೇಲೆ ಹರಡಿದರೆ ಚಿತ್ರ ತಾನಾಗಿಯೇ ಮೂಡುತ್ತದೆ. ‘ಸೋಡಾ’ ಈಶಾನ್ಯದ ಪದ: ನ್ಯೂಯಾರ್ಕ್ ನಗರ, ನ್ಯೂಜೆರ್ಸಿ, ಬಾಸ್ಟನ್, ಫಿಲಡೆಲ್ಫಿಯ. ದೇಶದ ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯ, ಅರಿಜೋನ ಕೂಡ ಸೋಡಾದ ಕಡೆಯೇ. ‘ಪಾಪ್’ ಮಹಾ ಸರೋವರಗಳ ಸುತ್ತಲಿನ ಪದ: ಮಿಶಿಗನ್, ಒಹಾಯೊ, ಶಿಕಾಗೊ, ಮಿನ್ನೆಸೋಟ. ಅಲ್ಲಿಂದ ಪಶ್ಚಿಮದ ಬಯಲು ಸೀಮೆ ದಾಟಿ ಸಿಯಾಟಲ್‌ವರೆಗೂ ಹೋಗುತ್ತದೆ. ‘ಕೋಕ್’ ದಕ್ಷಿಣದ ಪದ: ಜಾರ್ಜಿಯ, ಅಲಬಾಮ, ಮಿಸಿಸಿಪ್ಪಿ, ಟೆನ್ನೆಸಿ, ಟೆಕ್ಸಾಸ್.

ರಾಜ್ಯದ ಗಡಿಗೂ ಪದದ ಗಡಿಗೂ ಸಂಬಂಧ ಇಲ್ಲ. ಪೆನ್ಸಿಲ್ವೇನಿಯ ಒಂದೇ ರಾಜ್ಯ. ಆದರೆ ಪೂರ್ವದ ಫಿಲಡೆಲ್ಫಿಯ ಸೋಡಾ, ಪಶ್ಚಿಮದ ಪಿಟ್ಸ್‌ಬರ್ಗ್ ಪಾಪ್. ನ್ಯೂಯಾರ್ಕ್ ರಾಜ್ಯದಲ್ಲೂ ಹೀಗೇ. ರಾಜಧಾನಿ ಆಲ್ಬನಿಯಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಸಿರಕ್ಯೂಸ್‌ವರೆಗೆ ಸೋಡಾ ಕೇಳುತ್ತದೆ. ರಾಚೆಸ್ಟರ್ ಹತ್ತಿರ ಬರುವಾಗ ಪಾಪ್ ಬೆರೆಯುತ್ತದೆ. ಬಫಲೊ ಮುಟ್ಟುವ ಹೊತ್ತಿಗೆ ಪಾಪ್ ಗಟ್ಟಿಯಾಗಿ ನಿಂತಿರುತ್ತದೆ. ಅದೇ ರಸ್ತೆ, ಅದೇ ರಾಜ್ಯ, ಪದ ಮಾತ್ರ ಬೇರೆ.

ಇನ್ನು ‘ಯಾಕೆ’ ಅನ್ನುವ ಪ್ರಶ್ನೆ. ಇದಕ್ಕೆ ನಾನು ಕೊಡುವ ಉತ್ತರ ಇಷ್ಟು: ಈ ಪಾನೀಯ ಒಂದು ಊರಿನ ಜನರ ಕೈಗೆ ಯಾವ ದಾರಿಯಲ್ಲಿ ಬಂತು ಅನ್ನುವುದು ಅದರ ಹೆಸರನ್ನು ಬಹಳಮಟ್ಟಿಗೆ ತೀರ್ಮಾನಿಸಿತು. ಕೆಲವು ಕಡೆ ಔಷಧಿ ಅಂಗಡಿಯ ನಲ್ಲಿಯಿಂದ ಬಂತು. ಕೆಲವು ಕಡೆ ಮುಚ್ಚಿದ ಬಾಟಲಿಯಲ್ಲಿ ಬಂತು. ಕೆಲವು ಕಡೆ ಒಂದೇ ಕಂಪನಿಯ ಗಾಡಿಯಲ್ಲಿ ಬಂತು. ಜನ ನಿಘಂಟು ನೋಡಿ ಹೆಸರಿಡಲಿಲ್ಲ. ಕೊಡುವವನು ಹೇಗೆ ಕೊಟ್ಟನೋ, ಅದು ಕುಡಿಯುವವನ ಬಾಯಲ್ಲಿ ಕೂತಿತು.

ಮೂರರಲ್ಲಿ ‘ಸೋಡಾ’ ಹಳೆಯದು. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ, ಮನೆ ಪಕ್ಕದ ಬಿಯರ್ ತಯಾರಿಕೆಯ ತೊಟ್ಟಿಗಳ ಮೇಲೆ ನಿಲ್ಲುತ್ತಿದ್ದ ಗಾಳಿಯನ್ನು ನೀರಿಗೆ ಬೆರೆಸಿ ನೋಡಿದರು. ಆ ಗಾಳಿ ಕಾರ್ಬನ್ ಡೈಆಕ್ಸೈಡ್. ನೀರು ಚುರುಗುಟ್ಟಿತು, ಹಿತವಾಗಿತ್ತು. 1783ರಲ್ಲಿ ಜಿನೀವಾದಲ್ಲಿ ಯಾಕೋಬ್ ಶ್ವೆಪ್ ಇದನ್ನೇ ವ್ಯಾಪಾರ ಮಾಡಿದರು, 1792ರಲ್ಲಿ ಲಂಡನ್ನಿಗೆ ಬಂದರು. ಆಗೆಲ್ಲ ಇದು ಬಾಯಾರಿಕೆಯ ಪಾನೀಯ ಅಲ್ಲ, ಹೊಟ್ಟೆಗೆ ಒಳ್ಳೆಯದು ಅಂತ ಕುಡಿಯುವ ಔಷಧಿ. ಭೂಮಿಯಿಂದ ಚಿಮ್ಮುವ ಖನಿಜ ನೀರಿನ ಗುಣ ಬರಲಿ ಅಂತ ಅದಕ್ಕೆ ಸೋಡಿಯಂ ಲವಣ ಹಾಕುತ್ತಿದ್ದರು. ಅದಕ್ಕೇ ಸೋಡಾ ವಾಟರ್.

ಅಮೆರಿಕಕ್ಕೆ ಬಂದಾಗಲೂ ಅದು ಔಷಧಿಯ ವೇಷದಲ್ಲೇ ಬಂತು. ಯೇಲ್‌ನ ರಸಾಯನಶಾಸ್ತ್ರ ಪ್ರೊಫೆಸರ್ ಬೆಂಜಮಿನ್ ಸಿಲ್ಲಿಮನ್ 1806ರಲ್ಲಿ ನ್ಯೂಹೇವನ್‌ನಲ್ಲಿ ಸೋಡಾ ನೀರು ಮಾರಲು ಶುರುಮಾಡಿದರು. ಸ್ವಲ್ಪ ಕಾಲದಲ್ಲೇ ನ್ಯೂಯಾರ್ಕ್, ಫಿಲಡೆಲ್ಫಿಯಗಳಲ್ಲೂ ಸೋಡಾ ಫೌಂಟನ್‌ಗಳು, ಅಂದರೆ ಸೋಡಾ ನೀರನ್ನು ನಲ್ಲಿಯಿಂದ ಲೋಟಕ್ಕೆ ಬಿಟ್ಟುಕೊಡುವ ಕಟ್ಟೆಗಳು, ಬಂದವು. 1832ರಲ್ಲಿ ಜಾನ್ ಮ್ಯಾಥ್ಯೂಸ್ ನ್ಯೂಯಾರ್ಕಿನಲ್ಲಿ ಗ್ಯಾಸ್ ತಯಾರಿಸುವ ಯಂತ್ರ ಕಟ್ಟಿ ಮಾರತೊಡಗಿದ ಮೇಲೆ ಯಾವ ಅಂಗಡಿಯವನು ಬೇಕಾದರೂ ಫೌಂಟನ್ ಇಡುವ ಹಾಗಾಯಿತು. ಸೀಸ ಬಳಿದ ಗಟ್ಟಿ ಪಾತ್ರೆ, ಒಳಗೆ ಅಮೃತಶಿಲೆಯ ಪುಡಿ, ಅದರ ಮೇಲೆ ಗಂಧಕಾಮ್ಲ. ಎರಡೂ ಸೇರಿದರೆ ಗ್ಯಾಸ್ ಏಳುತ್ತದೆ, ಅದನ್ನು ನೀರಿಗೆ ಹಾಯಿಸಬೇಕು. ಈ ವಿಧಾನದಲ್ಲಿ ಸೋಡಾ ಲವಣದ ಅಗತ್ಯವೇ ಇಲ್ಲ, ಗಮನಿಸಿ. ಆದರೂ ಹೆಸರು ಅಲ್ಲಾಡಲಿಲ್ಲ. ಔಷಧಿ ಅಂಗಡಿಯವನು ಆ ನೀರಿಗೆ ನಿಂಬೆ, ಶುಂಠಿ, ಸ್ಟ್ರಾಬೆರಿ ಸಿರಪ್ ಬೆರೆಸಿ ಕೊಟ್ಟಾಗಲೂ ಗಿರಾಕಿಗೆ ಅದು ಸೋಡಾವೇ. ಕಣ್ಣೆದುರಿಗೇ ಹಿಡಿಕೆ ಎಳೆದು ಸೋಡಾ ನೀರು ಬಿಡುತ್ತಿದ್ದನಲ್ಲ. ಹಾಗೆ ಎಳೆಯುವ ಹುಡುಗನಿಗೆ ‘ಸೋಡಾ ಜರ್ಕ್’ ಅಂತಲೇ ಹೆಸರು ಬಿತ್ತು. ಈ ಫೌಂಟನ್‌ಗಳು ಮೊದಲು ಬೇರೂರಿದ್ದು ಪೂರ್ವ ಕರಾವಳಿಯ ಹಳೆಯ ನಗರಗಳಲ್ಲಿ. ಇವತ್ತಿಗೂ ಆ ನಗರಗಳೇ ಸೋಡಾದ ಕೋಟೆ.

‘ಪಾಪ್’ ಪದದ ಹುಟ್ಟಿಗೆ ಒಳ್ಳೆಯ ದಾಖಲೆ ಇದೆ. ರಾಬರ್ಟ್ ಸದಿ ಎಂಬ ಇಂಗ್ಲಿಷ್ ಕವಿ 1812ರಲ್ಲಿ ಬರೆದ ಪತ್ರವೊಂದರಲ್ಲಿ, ಸೋಡಾ ನೀರಿಗೂ ಜಿಂಜರ್ ಬಿಯರ್‌ಗೂ ನಡುವಿನ ಹೊಸ ಪಾನೀಯವೊಂದರ ಸುದ್ದಿ ಬರುತ್ತದೆ. ಬಿರಡೆ ಕಿತ್ತಾಗ ‘ಪಾಪ್’ ಅನ್ನುತ್ತದೆ, ಅದಕ್ಕೇ ಆ ಹೆಸರು ಅಂತ ಅವರೇ ವಿವರಿಸಿದ್ದಾರೆ. ಅಂದರೆ ಇದು ಶುರುವಿನಿಂದಲೂ ಬಾಟಲಿಯ ಪದ. ಫೌಂಟನ್ನಿನ ಲೋಟ ಸದ್ದು ಮಾಡುವುದಿಲ್ಲ. ಮುಚ್ಚಿದ ಬಾಟಲಿ ಮಾತ್ರ ಮಾಡುತ್ತದೆ.

ಆ ಸದ್ದು ಹಿಂದಿನವರಿಗೆ ಎಷ್ಟು ಪರಿಚಿತ ಅನ್ನುವುದು ತಿಳಿಯಬೇಕಾದರೆ ಒಂದು ಹಳೆಯ ಬಾಟಲಿ ನೋಡಬೇಕು. 1879ರಲ್ಲಿ ಶಿಕಾಗೊದ ಚಾರ್ಲ್ಸ್ ಹಚಿನ್ಸನ್ ಎಂಬುವರು ಒಂದು ಮುಚ್ಚಳಕ್ಕೆ ಪೇಟೆಂಟ್ ಪಡೆದರು. ದಪ್ಪ ತಂತಿಯ ಒಂದು ಕುಣಿಕೆ, ಅದರ ಕೆಳತುದಿಯಲ್ಲಿ ರಬ್ಬರಿನ ಬಿಲ್ಲೆ. ಬಿಲ್ಲೆ ಬಾಟಲಿಯ ಕತ್ತಿನ ಒಳಗಡೆ ಇರುತ್ತದೆ, ತಂತಿ ಬಾಯಿಯಿಂದ ಮೇಲಕ್ಕೆ ಚಾಚಿಕೊಂಡಿರುತ್ತದೆ. ಪಾನೀಯ ತುಂಬಿ ತಂತಿ ಎಳೆದರೆ ಬಿಲ್ಲೆ ಮೇಲೆ ಬಂದು ಕತ್ತಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಒಳಗಿನ ಗ್ಯಾಸಿನ ಒತ್ತಡವೇ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಕುಡಿಯುವವನು ಅಂಗೈಯಿಂದ ತಂತಿಯ ಮೇಲೆ ಒಂದು ಪೆಟ್ಟು ಕೊಡುತ್ತಿದ್ದ. ಬಿಲ್ಲೆ ಸಡಿಲಾಗಿ ಒಳಕ್ಕೆ ಇಳಿಯುತ್ತಿತ್ತು, ಗ್ಯಾಸ್ ಒಮ್ಮೆಲೇ ಹೊರಗೆ ನುಗ್ಗಿ ಪಟ್ ಅಂತ ಸದ್ದಾಗುತ್ತಿತ್ತು. 1892ರಲ್ಲಿ ಬಾಲ್ಟಿಮೋರಿನ ವಿಲಿಯಂ ಪೇಂಟರ್ ಅಂಚಿಗೆ ನೆರಿಗೆ ಇರುವ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದರು. ನಿಧಾನವಾಗಿ ಹಚಿನ್ಸನ್ ಬಾಟಲಿ ಮರೆಯಾಯಿತು. ಆದರೆ ಒಂದು ತಲೆಮಾರಿನ ಮಕ್ಕಳು ಆ ಸದ್ದು ಕೇಳಿಯೇ ಬೆಳೆದಿದ್ದರು. ಶಿಕಾಗೊ ಸುತ್ತಲ ಸೀಮೆ ಇವತ್ತಿಗೂ ಪಾಪ್ ಅನ್ನುತ್ತದೆ.

ನಿಮ್ಮ ಮಗಳ ಊರಾದ ಡೆಟ್ರಾಯಿಟ್‌ಗೂ ಈ ಕಥೆಯಲ್ಲಿ ಒಳ್ಳೆಯ ಪಾತ್ರ ಇದೆ. ರಷ್ಯಾದಿಂದ ವಲಸೆ ಬಂದ ಫೈಗನ್ಸನ್ ಅಣ್ಣತಮ್ಮಂದಿರು ಕಸುಬಿನಲ್ಲಿ ಬೇಕರಿಯವರು. ಕೇಕಿನ ಮೇಲೆ ಬಳಿಯುವ ಸಿಹಿಯ ಸ್ವಾದಗಳನ್ನೇ ನೀರಿಗೆ ಇಳಿಸಿ 1907ರಲ್ಲಿ ದ್ರಾಕ್ಷಿ, ಸ್ಟ್ರಾಬೆರಿ ಪಾನೀಯ ಮಾರಲು ಶುರುಮಾಡಿದರು. ಅದೇ ಇವತ್ತಿನ ಫೇಗೊ. ‘ಪಾಪ್’ ಪದ ಹುಟ್ಟಿದ್ದೇ ಫೇಗೊದಿಂದ ಅಂತ ಹೇಳುವವರು ಅಲ್ಲಿ ನಿಮಗೆ ಸಿಗುತ್ತಾರೆ. ಸದಿಯವರ ಪತ್ರ ಅದಕ್ಕಿಂತ 95 ವರ್ಷ ಹಳೆಯದು, ಹಾಗಾಗಿ ಆ ಮಾತು ನಿಲ್ಲುವುದಿಲ್ಲ. ಆದರೆ ಆ ಊರಲ್ಲಿ ಪದ ಬೇರು ಬಿಡಲು ಇಂಥ ಸ್ಥಳೀಯ ಬಾಟಲಿ ವ್ಯಾಪಾರಿಗಳು ಕಾರಣ ಅನ್ನುವುದನ್ನು ನಾನು ಒಪ್ಪುತ್ತೇನೆ.

ಈಗ ‘ಕೋಕ್’. ಮೂರರಲ್ಲಿ ನನಗೆ ಹೆಚ್ಚು ಕುತೂಹಲ ಇರುವುದು ಇದರ ಮೇಲೆ. 1886ರ ಮೇ ತಿಂಗಳಲ್ಲಿ ಅಟ್ಲಾಂಟದ ಜೇಕಬ್ಸ್ ಔಷಧಿ ಅಂಗಡಿಯಲ್ಲಿ ಜಾನ್ ಪೆಂಬರ್ಟನ್ ಅವರ ಸಿರಪ್ಪನ್ನು ಸೋಡಾ ನೀರಿಗೆ ಬೆರೆಸಿ, ಲೋಟಕ್ಕೆ 5 ಸೆಂಟಿನಂತೆ ಮಾರಿದರು. ಕೋಕಾ-ಕೋಲಾ ಅಂತ ಹೆಸರಿಟ್ಟವರು ಅವರ ಲೆಕ್ಕಿಗರಾಗಿದ್ದ ಫ್ರಾಂಕ್ ರಾಬಿನ್ಸನ್. ನಂತರ ಕಂಪನಿ ಏಸಾ ಕ್ಯಾಂಡ್ಲರ್ ಕೈಗೆ ಹೋಯಿತು. ಕ್ಯಾಂಡ್ಲರ್‌ಗೆ ಬಾಟಲಿ ವ್ಯಾಪಾರದ ಮೇಲೆ ನಂಬಿಕೆ ಇರಲಿಲ್ಲ. 1899ರಲ್ಲಿ ಚಟ್ಟನೂಗಾದ ಇಬ್ಬರು ವಕೀಲರು ಬಂದು ಕೇಳಿದಾಗ, ದೇಶದ ಬಹುಪಾಲು ಜಾಗದಲ್ಲಿ ಬಾಟಲಿ ತುಂಬಿ ಮಾರುವ ಹಕ್ಕನ್ನು ಬರೀ 1 ಡಾಲರ್‌ಗೆ ಬರೆದುಕೊಟ್ಟರು. ಆ ವಕೀಲರು ಊರೂರಿಗೆ ಒಬ್ಬೊಬ್ಬ ಬಾಟಲಿಗಾರನಿಗೆ ಇಷ್ಟಿಷ್ಟು ಜಾಗ ನಿನ್ನದು ಅಂತ ಹಂಚಿದರು. ದಕ್ಷಿಣದ ಸಣ್ಣ ಸಣ್ಣ ಊರಿಗೂ ಕೋಕಾ-ಕೋಲಾ ಗಾಡಿ ತಲುಪಿತು. ಎಷ್ಟೋ ಕಡೆ ಜನ ಕಂಡ ಮೊದಲ ಗ್ಯಾಸ್ ಪಾನೀಯವೇ ಅದು. ಮೊದಲು ಬಂದದ್ದರ ಹೆಸರೇ ಆಮೇಲೆ ಬಂದ ಎಲ್ಲದಕ್ಕೂ ಅಂಟಿತು.

ಅಲ್ಲಿನ ಮಾತು ಹೇಗಿರುತ್ತದೆ ಅಂದರೆ:

“ಕೋಕ್ ಬೇಕಾ?”
“ಹೂಂ, ಕೊಡಿ.”
“ಯಾವುದು ಕೊಡಲಿ?”
“ಡಾಕ್ಟರ್ ಪೆಪ್ಪರ್.”

ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ಆದರೆ ಮಾತಾಡಿದ ಇಬ್ಬರಿಗೂ ಯಾವ ಗೊಂದಲವೂ ಇಲ್ಲ. ಮೊದಲನೇ ‘ಕೋಕ್’ ಒಂದು ಜಾತಿಯ ಹೆಸರು. ಎರಡನೇ ಪ್ರಶ್ನೆ ಆ ಜಾತಿಯೊಳಗೆ ಯಾವುದು ಅಂತ ಕೇಳುತ್ತದೆ. ವಿಶೇಷ ಏನೆಂದರೆ ಡಾಕ್ಟರ್ ಪೆಪ್ಪರ್ ಎಂಬ ಈ ಪಾನೀಯ ಟೆಕ್ಸಾಸಿನ ವೇಕೊ ಊರಿನಲ್ಲಿ 1885ರಲ್ಲೇ ಹುಟ್ಟಿತ್ತು, ಕೋಕಾ-ಕೋಲಾಗಿಂತ ಒಂದು ವರ್ಷ ಮುಂಚೆ. 1963ರಲ್ಲಿ ಒಂದು ಕೋರ್ಟ್ ಅದು ಕೋಲಾ ಜಾತಿಗೆ ಸೇರಿದ್ದೇ ಅಲ್ಲ ಅಂತ ತೀರ್ಪು ಕೊಟ್ಟಿತು. ಆದರೂ ಟೆಕ್ಸಾಸಿನ ಎಷ್ಟೋ ಮನೆಗಳಲ್ಲಿ ಅದೂ ಒಂದು ‘ಕೋಕ್’. ಪೆಪ್ಸಿ ಕೂಡ ದಕ್ಷಿಣದ್ದೇ ಅನ್ನುವುದನ್ನು ಮರೆಯಬಾರದು. ನಾರ್ತ್ ಕ್ಯಾರೊಲಿನದ ನ್ಯೂಬರ್ನ್ ಊರಿನ ಔಷಧಿ ಅಂಗಡಿಯಲ್ಲಿ ಕೇಲಬ್ ಬ್ರ್ಯಾಡಮ್ ಅದನ್ನು ತಯಾರಿಸಿದರು, 1898ರಲ್ಲಿ ಪೆಪ್ಸಿ-ಕೋಲಾ ಅಂತ ಹೆಸರಿಟ್ಟರು. ಆದರೂ ಅದರ ಹೆಸರು ಜಾತಿಯ ಹೆಸರಾಗಲಿಲ್ಲ, ಹಾಗಾದದ್ದು ಕೋಕ್ ಮಾತ್ರ.

ಇದರಿಂದ ಕಂಪನಿಗೆ ಖುಷಿ ಆಗಿರಬೇಕು ಅಲ್ವಾ ಅಂತ ನಿಮಗೆ ಅನ್ನಿಸಬಹುದು. ಇಲ್ಲ, ದಿಗಿಲಾಗಿತ್ತು. ಎಲ್ಲರೂ ಒಂದು ಬ್ರ್ಯಾಂಡ್ ಹೆಸರನ್ನು ಸಾಮಾನ್ಯ ಪದವಾಗಿ ಬಳಸಿದರೆ ಅಮೆರಿಕದ ಕಾನೂನಿನಲ್ಲಿ ಆ ಟ್ರೇಡ್‌ಮಾರ್ಕೇ ಕೈತಪ್ಪಬಹುದು. ಆಸ್ಪಿರಿನ್‌ಗೆ 1921ರಲ್ಲಿ ಹಾಗೆಯೇ ಆಯಿತು. ಎಸ್ಕಲೇಟರ್‌ಗೆ 1950ರಲ್ಲಿ ಆಯಿತು. ಹಾಗಾಗಿ ಕೋಕಾ-ಕೋಲಾ ಕಂಪನಿ ಎಷ್ಟೋ ವರ್ಷ ‘ಅಡ್ಡಹೆಸರು ಬೇಡ, ಪೂರ್ತಿ ಹೆಸರು ಹೇಳಿ ಕೇಳಿ’ ಅಂತ ಜಾಹೀರಾತು ಕೊಡುತ್ತಿತ್ತು. ಜನ ಕೇಳಲಿಲ್ಲ. ಕೊನೆಗೆ ಕಂಪನಿಯೇ ಜನರ ದಾರಿಗೆ ಬಂತು. 1941ರಲ್ಲಿ ಜಾಹೀರಾತಿನಲ್ಲಿ ‘ಕೋಕ್’ ಬಳಸಿತು, 1945ರಲ್ಲಿ ಅದನ್ನು ಟ್ರೇಡ್‌ಮಾರ್ಕ್ ಮಾಡಿಕೊಂಡಿತು. ಒಂದು ದೊಡ್ಡ ಕಂಪನಿ ಹಣ ಸುರಿದೂ ಜನರ ಬಾಯಿಂದ ಒಂದು ಪದ ಕೀಳಲಾಗಲಿಲ್ಲ. ಭಾಷೆ ಯಾರ ಕೈಯಲ್ಲಿದೆ ಅಂತ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ.

ಈ ಜಗಳದ ನಡುವೆ 1920ರಲ್ಲಿ ಒಂದು ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಇನ್ನೊಂದು ಕಂಪನಿ ‘ಕೋಕ್’ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಮೊದಲ ಅಕ್ಷರ C ಬದಲು K ಹಾಕಿ ಬರೆದು ತನ್ನ ಪಾನೀಯ ಮಾರುತ್ತಿತ್ತು. ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ತೀರ್ಪು ಬರೆದು, ಆ ಹೆಸರು ಬಳಸಬಾರದು ಅಂದರು. ಆದರೆ ಅದೇ ತೀರ್ಪಿನಲ್ಲಿ ‘ಡೋಪ್’ ಅನ್ನುವ ಹೆಸರು ಬಳಸಲು ಅಡ್ಡಿ ಇಲ್ಲ ಅಂದರು. ಆ ಪದ ಯಾವುದೇ ಒಂದು ಪಾನೀಯವನ್ನು ನಿರ್ದಿಷ್ಟವಾಗಿ ಸೂಚಿಸುವುದಿಲ್ಲ ಅನ್ನುವುದು ಅವರ ಕಾರಣ.

ಡೋಪ್ ಅಂದರೆ ಇವತ್ತು ಮಾದಕ ವಸ್ತು. ಆದರೆ ಆಗ ದಕ್ಷಿಣದಲ್ಲಿ, ಮುಖ್ಯವಾಗಿ ಎರಡೂ ಕ್ಯಾರೊಲಿನಗಳಲ್ಲಿ, ಕೋಲಾ ಪಾನೀಯಕ್ಕೆ ಅದು ದಿನಬಳಕೆಯ ಪದ. ಕೋಕಾ-ಕೋಲಾದ ಮೊದಲ ವರ್ಷಗಳ ಸಿರಪ್ಪಿನಲ್ಲಿ ಕೋಕಾ ಎಲೆಯಿಂದ ಬಂದ ಕೊಕೇನ್ ಅಂಶ ಸ್ವಲ್ಪ ಇತ್ತು. 20ನೇ ಶತಮಾನದ ಶುರುವಿನಲ್ಲಿ ಅದನ್ನು ತೆಗೆದರು. ವಸ್ತು ಹೋಯಿತು, ಪದ ಉಳಿಯಿತು. ಅಲ್ಲಿನ ಹತ್ತಿ ಗಿರಣಿಗಳಲ್ಲಿ ಮಗ್ಗಗಳ ನಡುವೆ ಒಂದು ತಳ್ಳುಗಾಡಿ ಬರುತ್ತಿತ್ತು. ಅದರಲ್ಲಿ ತಂಪು ಪಾನೀಯ, ಬಿಸ್ಕತ್ತು, ತಿಂಡಿ. ಕೆಲಸ ಬಿಟ್ಟು ಹೊರಗೆ ಹೋಗಲಾಗದ ಕಾರ್ಮಿಕರಿಗೆ ಅದೇ ಅಂಗಡಿ. ಅದರ ಹೆಸರು ‘ಡೋಪ್ ವ್ಯಾಗನ್’. ಗಿರಣಿಗಳು ಮುಚ್ಚಿದವು, ಗಾಡಿಗಳು ಹೋದವು, ಆ ಅರ್ಥವೂ ಹೆಚ್ಚುಕಡಿಮೆ ಹೋಯಿತು. ಇಂಥ ಪದ ಹೋದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಅದರ ಜೊತೆ ಒಂದು ಕೆಲಸದ ಜಾಗದ ನೆನಪೂ ಹೋಗುತ್ತದೆ.

ಬಾಸ್ಟನ್ನಿನ ‘ಟಾನಿಕ್’ ಕಥೆಯೂ ಇಂಥದ್ದೇ. 1885ರಲ್ಲಿ ಆ ಕಡೆಯ ಲೋವೆಲ್ ಊರಿನ ಡಾಕ್ಟರ್ ಆಗಸ್ಟಿನ್ ಥಾಂಪ್ಸನ್ ಮಾಕ್ಸಿ ಎಂಬ ಕಹಿ ಪಾನೀಯವನ್ನು ನರಗಳಿಗೆ ಶಕ್ತಿ ಕೊಡುವ ಆಹಾರ ಅಂತ ಮಾರುತ್ತಿದ್ದರು. 1906ರ ಆಹಾರ ಮತ್ತು ಔಷಧಿ ಕಾನೂನು ಬಂದ ಮೇಲೆ ಅಂಥ ಮಾತು ಹೇಳಿ ಮಾರುವುದು ಕಷ್ಟವಾಯಿತು. ಆದರೆ ಬಾಸ್ಟನ್ ಜನ ಗ್ಯಾಸ್ ಇರುವ ಎಲ್ಲ ಸಿಹಿ ಪಾನೀಯವನ್ನೂ ಟಾನಿಕ್ ಅಂತಲೇ ಕರೆಯುತ್ತಾ ಬಂದರು. ಈಗ ಅದು ಅಜ್ಜ ಅಜ್ಜಿಯರ ಪದ, ಮೊಮ್ಮಕ್ಕಳು ಸೋಡಾ ಅನ್ನುತ್ತಾರೆ. ಲೂಯಿಸಿಯಾನದ ನ್ಯೂ ಆರ್ಲಿಯನ್ಸ್ ಕಡೆ ‘ಕೋಲ್ಡ್ ಡ್ರಿಂಕ್’ ಅನ್ನುತ್ತಾರೆ.

ನಕ್ಷೆಯಲ್ಲಿ ಎರಡು ದ್ವೀಪಗಳಿವೆ. ಸುತ್ತಲೂ ಪಾಪ್ ಇರುವಾಗ ಮಿಲ್ವಾಕಿ ಮತ್ತು ಪೂರ್ವ ವಿಸ್ಕಾನ್ಸಿನ್ ಮಾತ್ರ ಸೋಡಾ. ಹಾಗೆಯೇ ಸೇಂಟ್ ಲೂಯಿಸ್ ಮತ್ತು ಅದರ ಸುತ್ತಮುತ್ತ. ಎರಡೂ ಜರ್ಮನ್ ವಲಸಿಗರ ನಗರಗಳು, ಅದೇ ಕಾರಣ ಅಂತ ಕೆಲವರು ಹೇಳುತ್ತಾರೆ. ನನಗೆ ಆ ವಾದ ಸಾಲದು. ಜರ್ಮನ್ ವಲಸಿಗರು ಪಾಪ್ ಸೀಮೆಯ ಸಿನ್ಸಿನ್ನಾಟಿಯಲ್ಲೂ ಬೇಕಾದಷ್ಟಿದ್ದರು. ನಾನು ನೋಡುವುದು ಬೇರೆ ಕಡೆ. ಎರಡೂ ತಮ್ಮದೇ ಪಾನೀಯ ಉದ್ಯಮ ಇದ್ದ ದೊಡ್ಡ ನಗರಗಳು. ಸೆವೆನ್ ಅಪ್ ಹುಟ್ಟಿದ್ದು 1929ರಲ್ಲಿ, ಸೇಂಟ್ ಲೂಯಿಸ್‌ನಲ್ಲಿ. ಅದರ ಮೊದಲ ಉದ್ದನೆಯ ಹೆಸರಿನ ಕೊನೆಯಲ್ಲೇ ‘ಲೆಮನ್-ಲೈಮ್ ಸೋಡಾ’ ಅಂತ ಇತ್ತು. ತನ್ನ ಪಾನೀಯ ತಾನೇ ತಯಾರಿಸುವ ನಗರ ತನ್ನ ಪದವನ್ನೂ ಉಳಿಸಿಕೊಳ್ಳುತ್ತದೆ. ಅದರ ಲಾರಿಗಳು ಎಲ್ಲಿಯವರೆಗೆ ಹೋಗುತ್ತವೋ ಪದವೂ ಅಲ್ಲಿಯವರೆಗೆ ಹೋಗುತ್ತದೆ.

ಟಿವಿ ಯಾಕೆ ಇದನ್ನೆಲ್ಲ ಒಂದು ಮಾಡಲಿಲ್ಲ ಅಂತ ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ. ಈ ಪಾನೀಯಗಳ ಜಾಹೀರಾತನ್ನು ಒಮ್ಮೆ ಗಮನವಿಟ್ಟು ಕೇಳಿ. ‘ಸೋಡಾ ಕುಡಿಯಿರಿ’ ಅಂತ ಯಾರಾದರೂ ಹೇಳುತ್ತಾರಾ? ‘ಪಾಪ್ ಕುಡಿಯಿರಿ’ ಅಂತ? ಸಾಮಾನ್ಯವಾಗಿ ಹೇಳುವುದೇ ಇಲ್ಲ. ಬ್ರ್ಯಾಂಡ್ ಹೆಸರು ಮಾತ್ರ ಹೇಳುತ್ತಾರೆ, ಯಾಕೆಂದರೆ ಸಾಮಾನ್ಯ ಪದ ಹೇಳಿದರೆ ಎದುರಾಳಿಗೂ ಸಹಾಯ ಆಗುತ್ತದೆ. ದೇಶದ ತುಂಬ ಒಂದೇ ಜಾಹೀರಾತು ಓಡಿದರೂ ಅದರೊಳಗೆ ಈ ಪದ ಇರುವುದಿಲ್ಲ. ಉದ್ಯಮದವರಿಗೆ ಸಾಮಾನ್ಯ ಪದ ಬೇಕಾದಾಗ ‘ಸಾಫ್ಟ್ ಡ್ರಿಂಕ್’ ಅಥವಾ ‘ಬೆವರೇಜ್’ ಅನ್ನುತ್ತಾರೆ. ಅವು ಯಾವ ಸೀಮೆಗೂ ಸೇರಿದ ಪದಗಳಲ್ಲ, ಹಾಗಾಗಿ ಯಾರಿಗೂ ನೋವಿಲ್ಲ. ಮೆನು ಕಾರ್ಡಿನಲ್ಲಿ ಕಾಣುತ್ತವೆ, ಅಡುಗೆಮನೆಯಲ್ಲಿ ಕೇಳುವುದಿಲ್ಲ. ಮಗು ಈ ಪದ ಕಲಿಯುವುದು ಫ್ರಿಜ್ ಮುಂದೆ ನಿಂತು ಅಮ್ಮನನ್ನು ಕೇಳುವಾಗ, ಶಾಲೆಯಲ್ಲಿ ಜೊತೆಯವರು ಹೇಳಿದ್ದನ್ನು ಕೇಳಿಸಿಕೊಂಡಾಗ. ಅಲ್ಲಿಗೆ ಟಿವಿಯ ಕೈ ಮುಟ್ಟುವುದಿಲ್ಲ.

ತೆರಿಗೆಯ ವಿಷಯದಲ್ಲೂ ಇದು ಕಂಡಿತು. 2017ರಲ್ಲಿ ಫಿಲಡೆಲ್ಫಿಯದಲ್ಲಿ ಸಿಹಿ ಪಾನೀಯಗಳ ಮೇಲೆ ತೆರಿಗೆ ಜಾರಿಯಾಯಿತು. ಅಲ್ಲಿಯ ಜನರಿಗೆ ಅದು ‘ಸೋಡಾ ಟ್ಯಾಕ್ಸ್’. ಅದೇ ವರ್ಷ ಶಿಕಾಗೊ ಇರುವ ಕುಕ್ ಕೌಂಟಿಯಲ್ಲೂ ಇಂಥದ್ದೇ ತೆರಿಗೆ ಬಂತು, ಕೆಲವೇ ತಿಂಗಳಲ್ಲಿ ರದ್ದಾಯಿತು. ಅಲ್ಲಿ ಎಷ್ಟೋ ಜನ ಅದನ್ನು ಬೈದದ್ದು ‘ಪಾಪ್ ಟ್ಯಾಕ್ಸ್’ ಅಂತ.

ಹಾಗಂತ ನಕ್ಷೆ ಕಲ್ಲಿನಲ್ಲಿ ಕೊರೆದದ್ದಲ್ಲ. ಟಿವಿ ಮಾಡದ ಕೆಲಸವನ್ನು ಜನರ ಓಡಾಟ ಮಾಡುತ್ತದೆ. ದಕ್ಷಿಣ ಫ್ಲಾರಿಡ ನಕ್ಷೆಯಲ್ಲಿ ದಕ್ಷಿಣದ ತುದಿಯಲ್ಲಿದೆ, ಆದರೆ ಅಲ್ಲಿ ಕೇಳುವುದು ಸೋಡಾ. ನ್ಯೂಯಾರ್ಕ್, ನ್ಯೂಜೆರ್ಸಿಯವರು ಹೋಗಿ ನೆಲೆಸಿದ್ದಾರೆ, ಪದವೂ ಜೊತೆಗೆ ಹೋಗಿದೆ. ಅಟ್ಲಾಂಟ, ಶಾರ್ಲೆಟ್, ರಾಲೆಯಂಥ ನಗರಗಳಿಗೆ ಕೆಲಸಕ್ಕೆ ಬೇರೆ ಕಡೆಯವರು ತುಂಬಾ ಬಂದಿದ್ದಾರೆ, ಅಲ್ಲೂ ಸೋಡಾ ಹೆಚ್ಚುತ್ತಿದೆ. ರಾಚೆಸ್ಟರಿನಲ್ಲೂ ಚಿಕ್ಕ ವಯಸ್ಸಿನವರು ಸೋಡಾದ ಕಡೆ ವಾಲುತ್ತಿದ್ದಾರೆ. ಒಟ್ಟಾರೆ ಗೆಲ್ಲುತ್ತಿರುವ ಪದ ಯಾವುದು ಅಂತ ಕೇಳಿದರೆ ಸೋಡಾ ಅನ್ನಬೇಕು. ಆದರೆ ಪಾಪ್ ಬೇಗ ಸೋಲುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಮಿಶಿಗನ್ನಿನವರಿಗೆ ಅದು ತಾವು ಎಲ್ಲಿಯವರು ಅಂತ ಹೇಳಿಕೊಳ್ಳುವ ಪದ. ಅಂಥ ಪದವನ್ನು ಜನ ಸುಮ್ನೆ ಬಿಡುವುದಿಲ್ಲ.

ಈ ಬದಲಾವಣೆ ನಮಗೆ ಕಾಣುವುದು ಹಿಂದಿನವರು ಬರೆದಿಟ್ಟಿದ್ದರಿಂದ. ಫ್ರೆಡರಿಕ್ ಕ್ಯಾಸಿಡಿ ಎಂಬ ವಿದ್ವಾಂಸರ ನೇತೃತ್ವದಲ್ಲಿ 1965ರಿಂದ 1970ರವರೆಗೆ ಸಂಶೋಧಕರು ವ್ಯಾನ್‌ಗಳಲ್ಲಿ ದೇಶ ಸುತ್ತಿದರು. ಸಾವಿರದಷ್ಟು ಊರುಗಳಲ್ಲಿ ಹಳಬರನ್ನು ಕೂರಿಸಿಕೊಂಡು ಅಡುಗೆ, ಹವೆ, ಬೇಸಾಯ, ಮಕ್ಕಳಾಟ ಎಲ್ಲದರ ಪದಗಳನ್ನು ಕೇಳಿ ಬರೆದುಕೊಂಡರು. ಆ ವ್ಯಾನ್‌ಗಳಿಗೆ ‘ವರ್ಡ್ ವ್ಯಾಗನ್’ ಅಂತ ಹೆಸರು. ಅದರಿಂದ ಬಂದ ಪ್ರಾದೇಶಿಕ ಇಂಗ್ಲಿಷ್ ನಿಘಂಟಿನ ಮೊದಲ ಸಂಪುಟ 1985ರಲ್ಲಿ ಹೊರಬಂತು. ಇವತ್ತು ಅಜ್ಜಿ ಟಾನಿಕ್, ಮೊಮ್ಮಗಳು ಸೋಡಾ ಅಂತ ನಾವು ಧೈರ್ಯವಾಗಿ ಹೇಳುವುದಕ್ಕೆ ಇಂಥ ಕೆಲಸವೇ ಆಧಾರ.

ಅಮೆರಿಕದ ಹೊರಗಿನ ಇಂಗ್ಲಿಷ್ ಬಗ್ಗೆ ಎರಡು ಮಾತು. ಕೆನಡದಲ್ಲಿ ಪಾಪ್. ಇಂಗ್ಲೆಂಡಿನ ಉತ್ತರದಲ್ಲೂ ಪಾಪ್ ಕೇಳುತ್ತದೆ, ಬೇರೆ ಕಡೆ ‘ಫಿಜ್ಜಿ ಡ್ರಿಂಕ್’. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಶುಂಠಿಯ ಸುಳಿವೇ ಇಲ್ಲದಿದ್ದರೂ ‘ಜಿಂಜರ್’ ಅನ್ನುತ್ತಾರೆ. ಐರ್ಲೆಂಡಿನಲ್ಲಿ ‘ಮಿನರಲ್ಸ್’, ನೈಜೀರಿಯದಲ್ಲೂ ಅದೇ. ದಕ್ಷಿಣ ಆಫ್ರಿಕದಲ್ಲಿ ‘ಕೂಲ್‌ಡ್ರಿಂಕ್’, ಆಸ್ಟ್ರೇಲಿಯದಲ್ಲಿ ‘ಸಾಫ್ಟ್ ಡ್ರಿಂಕ್’. ಬ್ರಿಟನ್ನಿನಲ್ಲಿ ‘ಲೆಮನೇಡ್’ ಕೇಳಿದರೆ ಸಾಮಾನ್ಯವಾಗಿ ಗ್ಯಾಸ್ ಇರುವ ಬಣ್ಣವಿಲ್ಲದ ಸಿಹಿ ಪಾನೀಯ ಬರುತ್ತದೆ. ಅಮೆರಿಕದಲ್ಲಿ ಅದೇ ಪದಕ್ಕೆ ಗ್ಯಾಸ್ ಇಲ್ಲದ ನಿಂಬೆ ಪಾನಕ ಕೊಡುತ್ತಾರೆ.

ಇನ್ನು ನೀವು ಏನಂತ ಕೇಳಬೇಕು ಅನ್ನುವುದು. ಹೋಟೆಲಿನಲ್ಲಾಗಲಿ ಅಂಗಡಿಯಲ್ಲಾಗಲಿ ಬ್ರ್ಯಾಂಡ್ ಹೆಸರು ಹೇಳುವುದೇ ಸುಲಭ, ಎಲ್ಲ ಕಡೆ ನಡೆಯುತ್ತದೆ. ಕೋಕ್ ಕೇಳಿದಾಗ “ಪೆಪ್ಸಿ ಆಗಬಹುದಾ?” ಅಂತ ಅವರು ಕೇಳಿದರೆ ಆಶ್ಚರ್ಯಪಡಬೇಡಿ. ಕೋಕ್ ಕೇಳಿದವರಿಗೆ ಹೇಳದೆ ಬೇರೆ ಕೋಲಾ ಕೊಟ್ಟ ಅಂಗಡಿಗಳನ್ನು ಕಂಪನಿ ಹಿಂದೆ ಕೋರ್ಟಿಗೆ ಎಳೆದದ್ದುಂಟು, ಆ ಎಚ್ಚರ ಇನ್ನೂ ಇದೆ. ಯಾವ ಬ್ರ್ಯಾಂಡ್ ಇದೆ ಅಂತ ಗೊತ್ತಿಲ್ಲದಿದ್ದರೆ ಸೋಡಾ ಅನ್ನಿ, ದೇಶದ ಎಲ್ಲ ಕಡೆ ಅರ್ಥವಾಗುತ್ತದೆ. ಡೆಟ್ರಾಯಿಟ್ ಕಡೆಯ ಕೆಲವು ಹಿರಿಯರಿಗೆ ಮಾತ್ರ ಸೋಡಾ ಅಂದರೆ ಐಸ್‌ಕ್ರೀಮ್ ಹಾಕಿದ ಲೋಟ ನೆನಪಾಗಬಹುದು. ಗ್ಯಾಸ್ ತುಂಬಿದ ಸಪ್ಪೆ ನೀರೇ ಬೇಕಿದ್ದರೆ ‘ಕ್ಲಬ್ ಸೋಡಾ’ ಅಥವಾ ‘ಸ್ಪಾರ್ಕ್ಲಿಂಗ್ ವಾಟರ್’ ಅಂತ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಸಿಹಿಯೇ ಬರುತ್ತದೆ. ಟಾನಿಕ್ ವಾಟರ್ ಬೇರೆ, ಅದು ಕ್ವಿನೈನ್ ಹಾಕಿದ ಕಹಿ ಪಾನೀಯ.

ಮಗಳ ಮನೆಯಲ್ಲಿ ಪಾಪ್ ಕುಡಿದ ಮೇಲೆ ಖಾಲಿ ಕ್ಯಾನನ್ನು ಕಸಕ್ಕೆ ಹಾಕಬೇಡಿ, ಜಜ್ಜಲೂ ಬೇಡಿ. ಮಿಶಿಗನ್ನಿನಲ್ಲಿ 1978ರಿಂದ ಒಂದೊಂದು ಕ್ಯಾನಿಗೂ 10 ಸೆಂಟ್ ಠೇವಣಿ ಹಿಡಿಯುತ್ತಾರೆ. ಅಂಗಡಿಗೆ ವಾಪಸ್ ಒಯ್ದು ಅಲ್ಲಿರುವ ಯಂತ್ರಕ್ಕೆ ಒಂದೊಂದಾಗಿ ಹಾಕಿದರೆ ಚೀಟಿ ಬರುತ್ತದೆ. ಅದನ್ನು ಕೌಂಟರಿನಲ್ಲಿ ಕೊಟ್ಟರೆ ದುಡ್ಡು ಕೊಡುತ್ತಾರೆ. ಮೊಮ್ಮಕ್ಕಳು ಖಾಲಿ ಕ್ಯಾನುಗಳನ್ನು ಒಂದು ಚೀಲದಲ್ಲಿ ಕೂಡಿಟ್ಟಿರಬಹುದು, ಅವರನ್ನೇ ಕರೆದುಕೊಂಡು ಹೋಗಿ.